ನಲವತ್ತೊಂದು ಖಾಲಿ ಸಾಲು

ಕಚೇರಿಯಲ್ಲಿ ಅವಳ ಹೆಸರು ಕೊಕ್ಕೆಯಮ್ಮ. ಬೆನ್ನ ಹಿಂದೆ ಅಲ್ಲ, ಮುಖದೆದುರಿಗೇ ಹಾಗೆ ಕರೆಯುತ್ತಿದ್ದರು, ಅವಳೂ ಬೇಜಾರಿಲ್ಲದೆ ಓಗೊಡುತ್ತಿದ್ದಳು. ಡೇಟಾಬೇಸ್ ತಂತ್ರಾಂಶ ಮಾಡುವ ಕಂಪನಿ ಅದು. ಉಳಿದವರು ಬರೆಯುತ್ತಾರೆ, ಇವಳು ಪರೀಕ್ಷೆ ಮಾಡುತ್ತಾಳೆ. ಬರೆದವರು "ಎಲ್ಲಾ ಸರಿಯಾಗಿದೆ" ಎಂದು ಎದೆ ಉಬ್ಬಿಸಿಕೊಂಡು ಬಂದರೆ ಇವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಎಲ್ಲಿ, ಇದನ್ನ ಹಾಕಿ ನೋಡೋಣ" ಎಂದು ಯಾವುದೋ ವಿಚಿತ್ರವಾದದ್ದನ್ನು ತುರುಕುವಳು. ಅಲ್ಲಿಗೆ ಅವರ ಎದೆ ಇಳಿಯುವುದು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ತನ್ನ ಕೈ ದಾಟಿ ಹೋದದ್ದು ಎಲ್ಲೂ ಕೈಕೊಡುವುದಿಲ್ಲ ಎಂಬ ಹೆಮ್ಮೆ ಅವಳಿಗಿತ್ತು. ಆ ಹೆಮ್ಮೆ ಒಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿನವರೆಗೂ ಇತ್ತು, ಆಮೇಲೆ ಒಂದು ಫೋನು ಬಂತು.

ಫೋನು ಮಾಡಿದವಳು ಒಬ್ಬ ಗುಮಾಸ್ತೆ. ಇಂಟರ್ನೆಟ್ಟಿನಲ್ಲಿ ಮಾರುವ ಔಷಧಿಗಳ ಮೇಲೆ ಜನರಿಂದ ದೂರು ತೆಗೆದುಕೊಳ್ಳುವ ಕಚೇರಿಯೊಂದಕ್ಕೆ ಮೂರು ವಾರದ ಹಿಂದೆ ಸೇರಿದವಳು. ಆ ಕಚೇರಿಯ ಲೆಕ್ಕವೆಲ್ಲ ನಡೆಯುವುದು ಇವರ ಡೇಟಾಬೇಸಿನಲ್ಲಿ.

"ಮೇಡಂ, ದಡ್ಡ ಪ್ರಶ್ನೆ ಅನ್ಕೋಬೇಡಿ," ಎಂದು ಶುರುಮಾಡಿದಳು. "ನಮ್ಮಲ್ಲಿ ಪ್ರತಿ ಶುಕ್ರವಾರ ಖಾಲಿ ಸಾಲು ಗುಡಿಸಬೇಕು ಅಂತ ಇದೆ. ಹೇಗೆ ಗುಡಿಸೋದು ಅಂತ ನನಗೆ ಯಾರೂ ಹೇಳ್ಕೊಡಲಿಲ್ಲ, ಕೇಳೋಕೆ ನಾಚಿಕೆ ಆಗಿ ಸುಮ್ಮನೆ ಬಿಟ್ಟೆ. ಈಗ ನಲವತ್ತೊಂದು ಸೇರ್ಕೊಂಡಿದೆ. ಆದ್ರೆ ಮೇಡಂ, ಅವು ಖಾಲಿ ಅಲ್ಲ."

"ಖಾಲಿ ಸಾಲು ಖಾಲಿ ಅಲ್ಲ ಅಂದ್ರೆ ಏನಮ್ಮ?"

"ತಾಣದ ಹೆಸರು ಅನ್ನೋ ಕಡೆ ಖಾಲಿ ಇದೆ. ಪಕ್ಕದಲ್ಲಿ ನಾನೇ ಟೈಪ್ ಮಾಡಿದ ಪೂರ್ತಿ ವಿಳಾಸ ಹಾಗೇ ಇದೆ. ಮತ್ತೆ ಹೆಸರು ಯಾಕೆ ಬರಲಿಲ್ಲ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಟರ್ನೆಟ್ಟಿನಲ್ಲಿ ಒಂದೊಂದು ಮಾರಾಟದ ತಾಣಕ್ಕೂ ನೂರಾರು ಪುಟ, ಒಂದೊಂದು ಪುಟಕ್ಕೂ ಮಾರುದ್ದದ ವಿಳಾಸ. ಒಂದೇ ಅಂಗಡಿಯ ಮೇಲೆ ಎಷ್ಟು ದೂರು ಬಂತು ಎಂದು ಎಣಿಸಬೇಕಾದರೆ ಆ ಉದ್ದ ವಿಳಾಸದಿಂದ ಅಂಗಡಿಯ ಹೆಸರೊಂದನ್ನೇ ಬಿಡಿಸಿ ತೆಗೆಯಬೇಕು. ಆ ಕೆಲಸಕ್ಕೆ ಡೇಟಾಬೇಸಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ತುಣುಕಿದೆ. ವಿಳಾಸ ನುಂಗಿಸಿದರೆ ಹೆಸರು ಉಗುಳುತ್ತದೆ. ಒಂದು ಹೆಸರಿನ ಮೇಲೆ ಹತ್ತು ದೂರು ಸೇರಿದರೆ ಅದು ಶುಕ್ರವಾರದ ಎಚ್ಚರಿಕೆ ಪಟ್ಟಿಗೆ ಹೋಗುತ್ತದೆ, ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಹೆಸರು ಬಾರದೆ ಖಾಲಿ ಉಳಿದ ಸಾಲುಗಳೋ, ಎಲ್ಲಿ ಕೊಂಡೆವೆಂಬುದನ್ನೇ ಮರೆತವರ ದೂರು ಎಂದು ಆ ಕಚೇರಿಯವರ ತಿಳುವಳಿಕೆ. ಇಟ್ಟುಕೊಂಡು ಏನು ಮಾಡುವುದು ಎಂದು ಶುಕ್ರವಾರ ಊಟಕ್ಕೇಳುವ ಮುಂಚೆ ಅಷ್ಟನ್ನೂ ಅಳಿಸಿಬಿಡುವರು. ಯಾವುದೋ ಕಾಲದಲ್ಲಿ ಯಾರೋ ಅಚ್ಚುಕಟ್ಟಿನ ಮನುಷ್ಯ ಶುರುಮಾಡಿದ್ದು, ಆಮೇಲೆ ಬಂದವರೆಲ್ಲ ಕಣ್ಣುಮುಚ್ಚಿಕೊಂಡು ಪಾಲಿಸಿದ್ದು. ಗುಡಿಸುವ ಮುಂಚೆ ಕಸದಲ್ಲಿ ಏನಿದೆ ಎಂದು ಬಗ್ಗಿ ನೋಡುವ ಅಭ್ಯಾಸ ನಮ್ಮಲ್ಲಿ ಯಾವ ಕಚೇರಿಗೆ ಇದೆ ಹೇಳಿ.

"ಅಷ್ಟನ್ನೂ ಕಳಿಸಮ್ಮ. ಏನನ್ನೂ ಗುಡಿಸಬೇಡ," ಎಂದಳು ಕೊಕ್ಕೆಯಮ್ಮ.

ನಲವತ್ತೊಂದು ಸಾಲು ಬಂತು. ತೆರೆದು ನೋಡಿದರೆ ವಿಳಾಸಗಳೆಲ್ಲ ನಮ್ಮದೇ ಲಿಪಿಯವು. ಒಂದರಲ್ಲೂ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರವಿಲ್ಲ. ಓಹೋ, ಇಲ್ಲಿದೆ ಕಳ್ಳ ಎಂದುಕೊಂಡಳು, ಅಷ್ಟರ ಮಟ್ಟಿಗೆ ಖುಷಿಯೇ ಆಯಿತು, ಕಸುಬು ಅಂಥದ್ದು. ಏಳನೇ ಸಾಲಿಗೆ ಬಂದಾಗ ಮಾತ್ರ ಮೌಸಿನ ಮೇಲಿದ್ದ ಕೈ ನಿಂತುಹೋಯಿತು. 'ಹಗುರಹೆಜ್ಜೆ' ಎಂದಿತ್ತು. ಎಂಟನೆಯದೂ ಅದೇ, ಹನ್ನೊಂದನೆಯದೂ ಅದೇ. ಎಣಿಸಿದಳು. ನಲವತ್ತೊಂದರಲ್ಲಿ ಇಪ್ಪತ್ತಾರು ಅದೇ ಹೆಸರು. ದೂರಿನ ವಿವರ ಓದಿದಳು. ಮಂಡಿನೋವಿನ ಪುಡಿ, ಮೂರು ತಿಂಗಳು ತಗೊಂಡೆ, ಕಾಲು ಊತ. ಮಂಡಿನೋವಿನ ಪುಡಿ, ತಂದೆಗೆ ಕಿಡ್ನಿ ತೊಂದರೆ ಅಂತ ಡಾಕ್ಟರು ಹೇಳಿದ್ದಾರೆ. ಮಂಡಿನೋವಿನ ಪುಡಿ.

ಆ ಪುಡಿಯ ಡಬ್ಬಿಯನ್ನು ಅವಳು ಕೈಯಾರೆ ಹಿಡಿದು ನೋಡಿದ್ದಳು, ಅತ್ತಿಗೆಯ ಹೊಲಿಗೆ ಮೆಷೀನಿನ ಪಕ್ಕದಲ್ಲಿ.

ಅತ್ತಿಗೆ ಎಂದರೆ ಬರೀ ಅಣ್ಣನ ಹೆಂಡತಿಯಲ್ಲ. ಇವಳ ಒಂಬತ್ತನೇ ವಯಸ್ಸಿಗೆ ತಾಯಿ ಹೋದಳು, ಅದರ ಮರುವರ್ಷ ಅತ್ತಿಗೆ ಮನೆಗೆ ಬಂದಳು. ತಲೆ ಬಾಚಿದ್ದು, ಹೇನು ತೆಗೆದದ್ದು, ಸ್ಕೂಲಿನ ಅಂಗಿ ಹೊಲಿದದ್ದು, ಪರೀಕ್ಷೆಯಲ್ಲಿ ಫೇಲಾದಾಗ ಅಣ್ಣನಿಗೆ ಗೊತ್ತಾಗದಂತೆ ಹೊಟ್ಟೆಗೆ ಹಾಕಿಕೊಂಡದ್ದು, ಎಲ್ಲಾ ಅವಳೇ. ಲೋಕಕ್ಕೆಲ್ಲ ಕೊಕ್ಕೆಯಮ್ಮನಾದವಳು ಅತ್ತಿಗೆಗೆ ಇವತ್ತಿಗೂ ಪುಟ್ಟಿ. ಮೂವತ್ತು ವರ್ಷ ಮೆಷೀನು ತುಳಿದು ತುಳಿದು ಅತ್ತಿಗೆಯ ಮಂಡಿ ಸವೆದಿತ್ತು. ಯಾರೋ ಬಟ್ಟೆ ಹೊಲಿಸಲು ಬಂದವರು ಹೇಳಿದರೆಂದು ಪುಡಿ ತರಿಸಿದಳು. ನೋವೇನೋ ಹೋಯಿತು. ನಾಲ್ಕನೇ ತಿಂಗಳಿಗೆ ಪಾದ ಭಾರವೆನಿಸಿ ಅನುಮಾನ ಬಂತು.

"ಪುಟ್ಟಿ, ನೀನು ಕಂಪ್ಯೂಟರಿನವಳಲ್ಲವಾ, ಇದು ಒಳ್ಳೇದೋ ಕೆಟ್ಟದ್ದೋ ಸ್ವಲ್ಪ ನೋಡಿ ಹೇಳೇ," ಎಂದಿದ್ದಳು.

ಪುಟ್ಟಿ ನೋಡಿದ್ದಳು. ಎಚ್ಚರಿಕೆ ಪಟ್ಟಿ ತೆರೆದು ಮೇಲಿನಿಂದ ಕೆಳಗೆ ಹುಡುಕಿದ್ದಳು. ಹೆಸರು ಇರಲಿಲ್ಲ. "ಧೈರ್ಯವಾಗಿ ತಗೋ ಅತ್ತಿಗೆ. ಹತ್ತು ಜನರಿಗೆ ತೊಂದರೆ ಆಗಿದ್ದರೂ ಪಟ್ಟಿಗೆ ಬರ್ತಿತ್ತು. ಆ ಪಟ್ಟಿ ನಡೆಯೋದೇ ನಮ್ಮ ತಂತ್ರಾಂಶದ ಮೇಲೆ, ನನಗೆ ಗೊತ್ತಿಲ್ಲವಾ?" ಎಂದಿದ್ದಳು. ಅತ್ತಿಗೆ ಇನ್ನೂ ನಾಲ್ಕು ತಿಂಗಳು ತೆಗೆದುಕೊಂಡಳು. ಆಮೇಲೆ ಒಂದು ಬೆಳಿಗ್ಗೆ ಉಸಿರು ಕಟ್ಟಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾಯಿತು. ಎರಡೂ ಕಿಡ್ನಿ ಕೈಚೆಲ್ಲಿದ್ದವು. ಡಾಕ್ಟರು, "ಬಿಪಿಯಿಂದಲೂ ಆಗಿರಬಹುದು, ಪುಡಿಗಿಡಿ ಏನಾದರೂ ತಗೊಂಡಿದ್ದರೆ ಅದರಿಂದಲೂ ಆಗಿರಬಹುದು," ಎಂದಾಗ, ಅಲ್ಲಿಯೂ ಮುಂದೆ ಬಿದ್ದು ಹೇಳಿದವಳು ಇವಳೇ: "ಪುಡಿ ನಾನು ವಿಚಾರಿಸಿದ್ದೀನಿ ಡಾಕ್ಟರೇ, ಅದರ ಮೇಲೆ ಏನೂ ಇಲ್ಲ." ಹಾಗಾಗಿ ತಪ್ಪೆಲ್ಲ ಬಿಪಿಯ ತಲೆಗೆ ಕಟ್ಟಿ ಮನೆಯವರು ಸುಮ್ಮನಾದರು. ಈಗ ಎರಡು ತಿಂಗಳಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಣ್ಣ ಬಸ್ಸು ಓಡಿಸುವವನು, ಅವನಿಗೆ ರಜೆ ಸಿಕ್ಕುವುದು ಶನಿವಾರ ಮಾತ್ರ. ಮಂಗಳವಾರ, ಗುರುವಾರ ಮಧ್ಯಾಹ್ನ ಕರೆದುಕೊಂಡು ಹೋಗುವುದು ಇವಳ ಪಾಲಿಗೆ.

ಆ ತುಣುಕನ್ನು ನಾಲ್ಕು ವರ್ಷದ ಹಿಂದೆ ಬರೆದವನು ಪಕ್ಕದ ಮೇಜಿನ ಮೌನಿ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದಕ್ಕೇ ಆ ಹೆಸರು. ಅವನನ್ನು ಕೂರಿಸಿಕೊಂಡು ಬರೆದದ್ದನ್ನು ಸಾಲು ಸಾಲಾಗಿ ಓದಿದಳು. ಅರ್ಧ ಗಂಟೆ ಬೇಕಾಗಲಿಲ್ಲ. ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಡ್ಡಗೆರೆ ಬಿಟ್ಟು ಬೇರೆ ಏನು ಕಂಡರೂ 'ಇದು ವಿಳಾಸವೇ ಅಲ್ಲ' ಎಂದು ತೀರ್ಮಾನಿಸಿ ಖಾಲಿ ಕೈ ಚಾಚುವುದು, ತಪ್ಪಾಯಿತೆಂದು ಕೂಗುವುದೂ ಇಲ್ಲ. ಇಂಗ್ಲಿಷ್ ಹೆಸರಿನ ಅಂಗಡಿಗಳ ಕಳ್ಳತನವೆಲ್ಲ ಚೆನ್ನಾಗಿ ಸಿಕ್ಕಿಬೀಳುತ್ತಿತ್ತು. ನಮ್ಮ ಮಾತಿನಲ್ಲಿ, ನಮ್ಮ ಅಕ್ಷರದಲ್ಲಿ, ಇಂಗ್ಲಿಷ್ ಬಾರದ ಮುದುಕ ಮುದುಕಿಯರಿಗೆಂದೇ ತೆರೆದ ಅಂಗಡಿಗಳು ಮಾತ್ರ ಕಣ್ಣಿಗೇ ಬೀಳುತ್ತಿರಲಿಲ್ಲ.

"ಆದ್ರೆ ನೀವು ಇದನ್ನ ಪರೀಕ್ಷೆ ಮಾಡಿದ್ರಲ್ಲ," ಎಂದ ಮೌನಿ. ಚುಚ್ಚಲು ಹೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಮಾಡಿದ್ದಳು. ಅದೇ ಹೊಟ್ಟೆ ಉರಿಸುವ ಸಂಗತಿ. ಆ ದಿನ ಸಭೆಯಲ್ಲಿ ಎದ್ದುನಿಂತು, "ಲೋಕವೆಲ್ಲ ಇಂಗ್ಲಿಷಿನಲ್ಲೇ ವಿಳಾಸ ಬರೆಯುತ್ತಾ? ಬೇರೆ ಲಿಪಿಯವರ ಗತಿ ಏನು?" ಎಂದು ಕೊಕ್ಕೆ ಹಾಕಿದವಳು ಇವಳೇ. ಮುನ್ನೂರ ಹನ್ನೆರಡು ವಿಳಾಸ, ಹದಿನಾಲ್ಕು ಲಿಪಿಯವು, ಒಂದು ವಾರ ಕೂತು ಒಂದೊಂದಾಗಿ ಕೈಯಾರೆ ಕೂಡಿಸಿದ್ದಳು. ಮುನ್ನೂರ ಹನ್ನೆರಡೂ ಪಾಸಾದವು. ಎಲ್ಲರೂ ಬೆನ್ನು ತಟ್ಟಿದರು.

ಈಗ ಆ ಹಳೆಯ ಕಡತ ತೆರೆದಳು. ಅದರಲ್ಲಿ ಬೇರೆ ಲಿಪಿಯ ಅಕ್ಷರ ಒಂದೂ ಇರಲಿಲ್ಲ.

ಅವಳು ಮಾಡಿದ್ದಿಷ್ಟು. ಬ್ರೌಸರಿನಲ್ಲಿ ತಾಣ ತೆರೆದು, ಮೇಲಿನ ಪಟ್ಟಿಯಲ್ಲಿ ಕಾಣುವ ವಿಳಾಸವನ್ನು ನಕಲು ಮಾಡಿ ತಂದು ಕಡತಕ್ಕೆ ಅಂಟಿಸಿದ್ದಳು. ಬ್ರೌಸರು ಕಣ್ಣಿಗೇನೋ ಚೆಂದದ ಅಕ್ಷರ ತೋರಿಸುತ್ತದೆ. ನಕಲು ಮಾಡಿದರೆ ಮಾತ್ರ ತಾನೇ ಜಾಣತನ ಮಾಡಿ, ಎಲ್ಲವನ್ನೂ ಇಂಗ್ಲಿಷ್ ಅಕ್ಷರ, ಅಂಕಿ, ಶೇಕಡಾ ಚಿಹ್ನೆಗಳ ಸರಪಳಿಯಾಗಿ ಬದಲಿಸಿ ಕೈಗೆ ಕೊಡುತ್ತದೆ. ಯಂತ್ರಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದು ಹಾಗೆಯೇ. ಅಂದು ಅದನ್ನು ಅವಳು ಗಮನಿಸಿರಲಿಲ್ಲವೆಂದಲ್ಲ. ಗಮನಿಸಿ, ಒಳಗೆ ಹೋಗುವಾಗ ಹೀಗೇ ಹೋಗುತ್ತದೆ ಬಿಡು ಎಂದುಕೊಂಡಿದ್ದಳು. ಮನುಷ್ಯರು ಹಾಗೆ ಬರೆಯುವುದಿಲ್ಲ ಎಂದು ಹೊಳೆಯಲಿಲ್ಲ. ಫೋನಿನಲ್ಲಿ ಒಬ್ಬ ಮುದುಕ ಡಬ್ಬಿಯ ಮೇಲಿನ ವಿಳಾಸ ಓದಿ ಹೇಳಿದರೆ, ಈ ಕಡೆಯ ಗುಮಾಸ್ತೆ ಅದನ್ನು ಕೇಳಿದ ಹಾಗೆ ನಮ್ಮದೇ ಅಕ್ಷರದಲ್ಲಿ ಕುಟ್ಟುತ್ತಾಳೆ ಎಂದು ಹೊಳೆಯಲಿಲ್ಲ. ಕಂಪ್ಯೂಟರಿನ ಮುಂದೆಯೇ ಬಾಳು ಕಳೆದವರು ಮಾತ್ರ ಮಾಡಬಲ್ಲ ತಪ್ಪು ಅದು. ಬೀದಿಯಲ್ಲಿ ಹೋಗುವ ಯಾರನ್ನಾದರೂ ಕರೆದು, "ಒಂದು ವಿಳಾಸ ಬರಿ" ಎಂದಿದ್ದರೆ ಮೊದಲನೇ ದಿನವೇ ಸಿಕ್ಕಿಬೀಳುತ್ತಿತ್ತು.

ಮಧ್ಯಾಹ್ನ ಎರಡಕ್ಕೆ ಅತ್ತಿಗೆಯನ್ನು ಡಯಾಲಿಸಿಸ್ಸಿಗೆ ಕೂರಿಸಿದಳು. ಉದ್ದ ಕೋಣೆ, ಆರು ಮಂಚ, ಮಂಚಕ್ಕೊಂದು ಯಂತ್ರ, ಯಂತ್ರಕ್ಕೊಂದು ಪ್ಲಾಸ್ಟಿಕ್ ಕುರ್ಚಿ. ಬಾಗಿಲ ಹತ್ತಿರ ತೂಕ ನೋಡಿ, ಮಲಗಿಸಿ, ಎಡಗೈಗೆ ಎರಡು ಸೂಜಿ ಚುಚ್ಚಿದರೆ ಮುಂದಿನ ನಾಲ್ಕು ಗಂಟೆ ಆ ಕೈ ಅಲುಗಿಸುವಂತಿಲ್ಲ. ಅತ್ತಿಗೆ ಎಂದಿನಂತೆ ಕಣ್ಣಲ್ಲೇ ನರ್ಸಿನ ಅಳತೆ ತೆಗೆಯುತ್ತಿದ್ದಳು.

"ನೋಡೇ ಪುಟ್ಟಿ, ಆ ಹುಡುಗಿಯ ಭುಜ ಒಂದಿಂಚು ಜಾರಿದೆ. ಯಾವ ಪುಣ್ಯಾತ್ಮ ಹೊಲಿದನೋ. ಕೈ ಬಿಡಿಸಿಕೊಟ್ಟರೆ ಇಲ್ಲೇ ಸರಿಮಾಡಿ ಕೊಡ್ತಿದ್ದೆ."

ಪುಟ್ಟಿ ನಗಲಿಲ್ಲ.

"ಏನೇ, ಮುಖ ಹಿಂಡಿಕೊಂಡು ಕೂತಿದ್ದೀಯಾ?"

"ಏನಿಲ್ಲ ಅತ್ತಿಗೆ. ಕೆಲಸ ಜಾಸ್ತಿ."

"ನಿನ್ನ ಕೆಲಸ ಎಲ್ಲಿ ಹೋಗುತ್ತೆ. ಊಟ ಮಾಡಿದ್ಯಾ?"

ಮಾತು ಬಾಯಿವರೆಗೆ ಬಂತು. ಊಟ ಮಾಡಿದೆ ಎಂದು ಸುಳ್ಳು ಹೇಳಿದಳು. ಕೊಳವೆಯೊಳಗೆ ಅತ್ತಿಗೆಯ ರಕ್ತ ಕೆಂಪಗೆ ಹೋಗುತ್ತಿತ್ತು, ಕೆಂಪಗೆ ಬರುತ್ತಿತ್ತು. ಇದಕ್ಕೆ ತಾನೇ ಕಾರಣ ಎಂದು ಹೇಗೆ ಹೇಳುವುದು? ಹೇಳಿದ ಮೇಲೆ ಈ ಕುರ್ಚಿಯಲ್ಲಿ ಹೇಗೆ ಕೂರುವುದು? ಅವಳು ಹೆದರಿದ್ದಳು, ಅಷ್ಟೇ. ಆದರೆ ಹೆದರಿದ್ದೇನೆ ಎಂದು ತನಗೆ ತಾನೇ ಒಪ್ಪಿಕೊಳ್ಳುವುದು ಕಷ್ಟ, ಅದಕ್ಕೊಂದು ಒಳ್ಳೆಯ ಹೆಸರು ಹುಡುಕಿದಳು. ಬರಿಗೈಯಲ್ಲಿ ಹೋಗಿ ಹೇಳಿ ಏನು ಪ್ರಯೋಜನ, ಮೊದಲು ಆದ ತಪ್ಪನ್ನು ಸರಿಮಾಡಿಸುತ್ತೇನೆ, ಎಲ್ಲರಿಗೂ ಗೊತ್ತಾಗುವಂತೆ ಮಾಡುತ್ತೇನೆ, ಆಮೇಲೆ ಅತ್ತಿಗೆಯ ಮುಂದೆ ನಿಲ್ಲುತ್ತೇನೆ ಎಂದುಕೊಂಡಳು. ಹಾಗೆಂದುಕೊಂಡ ಮೇಲೆ ಉಸಿರು ಸ್ವಲ್ಪ ಸಲೀಸಾಯಿತು.

ಸಂಜೆ ಗುಮಾಸ್ತೆಗೆ ಫೋನು ಮಾಡಿ ವಿಷಯ ತಿಳಿಸಿದಳು. ಹುಡುಗಿ ಗಾಬರಿಯಾದಳು. "ಹಾಗಾದ್ರೆ ಇಷ್ಟು ವರ್ಷ ಗುಡಿಸಿದ್ದು?"

"ಕಾಗದದ ಅರ್ಜಿ ಇಟ್ಟಿದ್ದೀರಾ?"

"ಬೀರುವಿನಲ್ಲಿ ಇದೆ ಮೇಡಂ. ಹನ್ನೆರಡು ಬೀರು."

"ಅವನ್ನ ಮತ್ತೆ ಎಣಿಸಬೇಕಾಗುತ್ತೆ. ಈ ಇಪ್ಪತ್ತಾರನ್ನಂತೂ ಈಗಲೇ ನಿಮ್ಮ ದೊಡ್ಡವರ ಮುಂದೆ ಇಡು."

"ಪಟ್ಟಿ ಶುಕ್ರವಾರ ಬರುತ್ತೆ ಮೇಡಂ, ಅದಕ್ಕೆ ಮುಂಚೆ ಬರಲ್ಲ."

ಬುಧವಾರ ಬೆಳಿಗ್ಗೆಯೊಳಗೆ ಮೌನಿ ತುಣುಕನ್ನು ಸರಿಮಾಡಿದ್ದ. ಕೊಕ್ಕೆಯಮ್ಮ ಈ ಸಲ ನಕಲು ಮಾಡಲಿಲ್ಲ. ಕಾಫಿ ಯಂತ್ರದ ಹತ್ತಿರ ಬಂದವರನ್ನೆಲ್ಲ ಹಿಡಿದು ಕೂರಿಸಿ ಕೈಯಾರೆ ವಿಳಾಸ ಟೈಪ್ ಮಾಡಿಸಿದಳು. ಉಳಿದದ್ದು ಹೊಸ ಆವೃತ್ತಿಯ ಜೊತೆ ಎಲ್ಲ ಗಿರಾಕಿಗಳಿಗೆ ಹೋಗುವ ಸೂಚನೆ. ಅದನ್ನು ಬರೆಯುವುದು ಮೇಸ್ತ್ರಿ. ಮೇಸ್ತ್ರಿ ಎಂದರೆ ಇವರ ತಂಡದ ಮೇಲಿನವನು. ಎಲ್ಲರನ್ನೂ ಕಟ್ಟಡ ಕಟ್ಟಿಸುವವನಂತೆ ಬೆನ್ನ ಹಿಂದೆ ನಿಂತು ನೋಡುವ ಚಾಳಿ ಇದ್ದುದರಿಂದ ಆ ಹೆಸರು. ಕೆಟ್ಟವನಲ್ಲ. ಅವನು ಬರೆದದ್ದು ಒಂದೇ ಸಾಲು: 'ವೆಬ್ ವಿಳಾಸಗಳಲ್ಲಿ ಅಂತರರಾಷ್ಟ್ರೀಯ ಅಕ್ಷರಗಳ ನಿರ್ವಹಣೆಯನ್ನು ಸುಧಾರಿಸಲಾಗಿದೆ.'

"ಇದೇನು, ತಿಪ್ಪೆ ಸಾರಿಸ್ತಿದ್ದೀರಾ?" ಎಂದಳು ಕೊಕ್ಕೆಯಮ್ಮ.

"ಯಾಕೆ, ಸುಧಾರಿಸಿಲ್ಲವಾ?"

"ಇದನ್ನ ಓದಿದವನು, ಸಂತೋಷ, ಸುಧಾರಿಸಿದ್ದಾರೆ ಅಂತ ಮುಂದಕ್ಕೆ ಹೋಗ್ತಾನೆ. ಇಲ್ಲಿವರೆಗೆ ಬಂದ ಲೆಕ್ಕ ಎಲ್ಲ ತಪ್ಪು ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಖಾಲಿ ಅಂತ ಅಳಿಸಿದ್ದು ಖಾಲಿ ಆಗಿರಲಿಲ್ಲ ಅಂತ ಬರೀರಿ. ಮೂಲ ಕಾಗದ ಹುಡುಕಿ ಮತ್ತೆ ಎಣಿಸಿ ಅಂತ ಬರೀರಿ."

"ಅಷ್ಟು ಬಿಡಿಸಿ ಹೇಳಿದ್ರೆ ನಾಳೆ ನೂರು ಕಚೇರಿಯವರು ಬಂದು ನನ್ನ ಕತ್ತಿನಪಟ್ಟಿ ಹಿಡೀತಾರೆ ಕಣಮ್ಮ."

"ಹಿಡೀಲಿ. ಪರೀಕ್ಷೆ ಮಾಡಿದವಳು ನಾನು ಅಂತ ಹೇಳಿ, ನನ್ನ ಕತ್ತು ತೋರಿಸಿ."

ಮೇಸ್ತ್ರಿ ಅವಳ ಮುಖವನ್ನೇ ನೋಡಿದ. ಹತ್ತೊಂಬತ್ತು ವರ್ಷದಲ್ಲಿ ಅವಳು ಧ್ವನಿ ಏರಿಸಿದ್ದನ್ನು ಕೇಳಿರಲಿಲ್ಲ. "ಏನಾಗಿದೆ ನಿಮಗೆ? ಯಾರಾದರೂ ಬೇಕಾದವರು ಇದ್ದಾರಾ ಇದರಲ್ಲಿ?" ಎಂದು ಕೇಳಿದ. ಅವಳು ಇಲ್ಲ ಎಂದು ತಲೆಯಾಡಿಸಿದಳು. ಹೇಳಿದ್ದರೆ ಅವನು ಕರಗುತ್ತಿದ್ದನೇನೋ. ಆದರೆ ಅತ್ತಿಗೆಗೇ ಹೇಳದ ಮಾತನ್ನು ಮೇಸ್ತ್ರಿಗೆ ಹೇಳುವುದು ಅವಳಿಗೆ ಆಗಲಿಲ್ಲ.

ಇಡೀ ಬುಧವಾರ ಆ ಎರಡು ಮೂರು ವಾಕ್ಯಕ್ಕಾಗಿ ಹೊಡೆದಾಡಿದಳು. ಮೇಸ್ತ್ರಿ ಮೂರು ಸಲ ಮೇಲಿನ ಮಹಡಿಗೆ ಹೋಗಿ ಬಂದ. ವಕೀಲರು ಒಂದು ಪದ ಬೇಡವೆಂದರು, ಅದರ ಬದಲು ಇನ್ನೊಂದು ಕೊಟ್ಟರು, ಇವಳು ಅದಕ್ಕೂ ಕೊಕ್ಕೆ ಹಾಕಿದಳು. ರಾಜೀನಾಮೆಯ ಮಾತೂ ಬಂತು. ಕೊನೆಗೆ ಗುರುವಾರ ಹನ್ನೊಂದು ಗಂಟೆಗೆ ಸೂಚನೆ ಹೊರಬಿತ್ತು. ಹಿಂದಿನ ಫಲಿತಾಂಶಗಳು ತಪ್ಪಾಗಿವೆ ಎಂದು ಮೊದಲ ವಾಕ್ಯದಲ್ಲೇ ಇತ್ತು. ಮತ್ತೆ ಎಣಿಸಿ ಎಂದೂ ಇತ್ತು. ಮೌನಿ ಎದ್ದು ಬಂದು ಏನೂ ಹೇಳದೆ ಅವಳ ಮೇಜಿನ ಮೇಲೆ ಒಂದು ಲೋಟ ಕಾಫಿ ಇಟ್ಟು ಹೋದ.

ಆಸ್ಪತ್ರೆಗೆ ಹೋಗುವಾಗ ಅವಳಿಗೆ ಹಗುರವೆನಿಸಿತ್ತು. ಸೂಚನೆಯನ್ನು ಮುದ್ರಿಸಿ ಮಡಿಸಿ ಚೀಲದಲ್ಲಿ ಇಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ಹೇಗೆ ಶುರುಮಾಡಬೇಕು, ಯಾವುದಾದ ಮೇಲೆ ಯಾವುದು ಎಂದು ಮನಸ್ಸಿನಲ್ಲೇ ಜೋಡಿಸಿದಳು. ಅತ್ತಿಗೆ ಅಳಬಹುದು, ಬೈಯಬಹುದು, ಎರಡಕ್ಕೂ ಸಿದ್ಧಳಾಗಿದ್ದಳು.

ತೂಕ ನೋಡಿದ್ದಾಯಿತು, ಸೂಜಿ ಚುಚ್ಚಿದ್ದಾಯಿತು, ಯಂತ್ರ ಗುಂಯ್‌ಗುಡತೊಡಗಿತು. ನರ್ಸು ಆಚೆ ಹೋದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡಳು.

"ಅತ್ತಿಗೆ, ನಿನಗೊಂದು ಹೇಳಬೇಕು. ಆ ಪುಡಿ ಇತ್ತಲ್ಲ."

"ಯಾವ ಪುಡಿ, ಮಂಡಿದಾ?"

"ಅದು ಒಳ್ಳೇದಲ್ಲ ಅತ್ತಿಗೆ. ತುಂಬಾ ಜನ ದೂರು ಕೊಟ್ಟಿದ್ದಾರೆ. ನಿನ್ನ ಹಾಗೇ ಕಿಡ್ನಿ ಹೋದವರಿದ್ದಾರೆ. ಆವತ್ತು ಪಟ್ಟಿಯಲ್ಲಿ ಹೆಸರು ಇರಲಿಲ್ಲ, ಯಾಕಂದ್ರೆ ನಮ್ಮ ಅಕ್ಷರದಲ್ಲಿ ಬರೆದ ಹೆಸರನ್ನ ಆ ಯಂತ್ರ ಎಣಿಸ್ತಾನೇ ಇರಲಿಲ್ಲ. ಎಣಿಸುತ್ತೆ ಅಂತ ಪರೀಕ್ಷೆ ಮಾಡಿ ಸಹಿ ಹಾಕಿದವಳು ನಾನು. ನಿನಗೆ ಧೈರ್ಯವಾಗಿ ತಗೋ ಅಂದವಳೂ ನಾನೇ. ಅವತ್ತೇ ನಿಲ್ಲಿಸಿದ್ದರೆ ನಿನಗೆ ಈ ಗತಿ ಬರ್ತಿರಲಿಲ್ಲ ಅಂತ..."

ಮುಂದೆ ಆಗಲಿಲ್ಲ. ಜೋಡಿಸಿಕೊಂಡು ಬಂದದ್ದೆಲ್ಲ ಅಳುವಿನಲ್ಲಿ ಕಲೆಸಿಹೋಯಿತು. ಬೈಗುಳಕ್ಕೆ ಕಾದಳು. ಅತ್ತಿಗೆ ಬೈಯಲಿಲ್ಲ. ದಿಂಬಿನಿಂದ ತಲೆ ಎತ್ತಿದಳು, ಮುಖ ಬಿಳಿಚಿಕೊಂಡಿತ್ತು.

"ಫೋನ್ ತೆಗಿ," ಎಂದಳು.

"ಅಣ್ಣನಿಗಾ?"

"ನಮ್ಮಮ್ಮನಿಗೆ. ಬೇಗ ತೆಗಿ ಪುಟ್ಟಿ, ನನ್ನ ಕೈ ಅಲುಗಿಸೋಕಾಗಲ್ಲ. ಉಳಿದ ನಾಲ್ಕು ಡಬ್ಬಿ ಅಮ್ಮನಿಗೆ ಕೊಟ್ಟುಬಿಟ್ಟೆ ಕಣೇ. ಔಷಧಿಯಲ್ಲಿ ದೋಷ ಇಲ್ಲ ಅಂತ ನೀನು ಡಾಕ್ಟರ ಮುಂದೇನೇ ಹೇಳಿದೆಯಲ್ಲ, ಸುಮ್ಮನೆ ಯಾಕೆ ಎಸೆಯೋದು, ಅವಳಿಗೂ ಮಂಡಿ ನೋವು ಅಂತ."

ಕೊಕ್ಕೆಯಮ್ಮನ ಅಳು ಅಲ್ಲಿಗೇ ನಿಂತಿತು. ಅವಸರದಲ್ಲಿ ಎರಡು ಸಲ ತಪ್ಪು ಒತ್ತಿದಳು. ಮೂರನೇ ಸಲ ಹೋಯಿತು. ಫೋನನ್ನು ಅತ್ತಿಗೆಯ ಬಾಯ ಹತ್ತಿರ ಹಿಡಿದು ಧ್ವನಿ ಜೋರು ಮಾಡಿದಳು. ಬಹಳ ಹೊತ್ತು ಬಡಿದುಕೊಂಡ ಮೇಲೆ ಮುದುಕಿ ಎತ್ತಿಕೊಂಡಿತು. ಮನೆಯ ಮಕ್ಕಳೆಲ್ಲ ಕರೆಯುವಂತೆ ಇವಳೂ ಅಜ್ಜಿ ಎಂದೇ ಕರೆಯುವುದು ಆಕೆಯನ್ನು.

"ಅಮ್ಮಾ, ಆ ಪುಡಿ ತಗೋಬೇಡ. ಇನ್ನು ಮುಟ್ಟಲೇ ಬೇಡ."

"ಯಾಕೆ, ಮಂಡಿ ಎಷ್ಟು ಸಲೀಸಾಗಿದೆ ಗೊತ್ತಾ? ಈಗ ಊಟ ಆದ ಮೇಲೂ ಒಂದು ಚಮಚ ತಗೊಂಡೆ. ಪುಟ್ಟಿ ವಿಚಾರಿಸಿದ್ದಾಳೆ, ಏನೂ ಆಗಲ್ಲ ಅಂದಿದ್ದೆ ನೀನು."

ಅತ್ತಿಗೆ ಇವಳ ಕಡೆ ನೋಡಿದಳು. "ನೀನೇ ಹೇಳು. ನನ್ನ ಮಾತು ಕೇಳಲ್ಲ ಅವಳು, ನಿನ್ನ ಮಾತು ಕೇಳ್ತಾಳೆ."

"ಅಜ್ಜಿ, ನಾನು ಪುಟ್ಟಿ. ನಾನು ಹೇಳಿದ್ದು ತಪ್ಪಾಗಿತ್ತು. ಡಬ್ಬಿ ಎತ್ತಿಡಿ. ಅಣ್ಣ ಸಂಜೆ ಬಂದು ಆಸ್ಪತ್ರೆಗೆ ಕರ್ಕೊಂಡು ಹೋಗ್ತಾನೆ, ರಕ್ತ ಪರೀಕ್ಷೆ ಮಾಡಿಸಬೇಕು."

"ನಿನ್ನದು ತಪ್ಪಾಗುತ್ತಾ?" ಎಂದು ಮುದುಕಿ ನಕ್ಕಿತು. ಇದು ತಮಾಷೆಯಲ್ಲ ಎಂದು ಅರ್ಥವಾಗಲು ಐದು ನಿಮಿಷ ಹಿಡಿಯಿತು. ಫೋನಿಟ್ಟ ಮೇಲೆ ಅಣ್ಣನಿಗೆ ಮಾಡಿದಳು, ಅವನು ಬಸ್ಸು ಓಡಿಸುತ್ತಿದ್ದ, ಎತ್ತಲಿಲ್ಲ. ಸಂದೇಶ ಬರೆದು ಕಳಿಸಿದಳು.

ಅತ್ತಿಗೆ ಸೂರು ನೋಡುತ್ತ ಮಲಗಿದ್ದಳು. ಹಾಗೇ ಕೇಳಿದಳು.

"ನಿನಗೆ ಇದು ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ಇವತ್ತು ಬೆಳಿಗ್ಗೆ ಎಂದರೆ ಯಾರು ವಿಚಾರಿಸುತ್ತಿದ್ದರು?

"ಮಂಗಳವಾರ."

"ಮಂಗಳವಾರ ಎಷ್ಟು ಹೊತ್ತಿಗೆ?"

"ಬೆಳಿಗ್ಗೆ."

"ಮಂಗಳವಾರ ಮಧ್ಯಾಹ್ನ ಇದೇ ಕುರ್ಚಿಯಲ್ಲಿ ಕೂತಿದ್ದೆಯಲ್ಲೇ ನೀನು. ಏನು ಅಂತ ಕೇಳಿದೆನಲ್ಲ ನಾನು."

"ಮೊದಲು ಸರಿಮಾಡಿ ಆಮೇಲೆ ಹೇಳೋಣ ಅಂತ ಅತ್ತಿಗೆ. ಎಲ್ಲರಿಗೂ ಸೂಚನೆ ಹೋಗಲಿ ಅಂತ." ಚೀಲದಿಂದ ಕಾಗದ ತೆಗೆದು ಬಿಡಿಸಿ ತೋರಿಸಿದಳು. ಅತ್ತಿಗೆ ಅದರ ಕಡೆ ನೋಡಲಿಲ್ಲ.

"ನನ್ನ ಕಿಡ್ನಿಯ ಮಾತು ಬಿಡು. ಗೊತ್ತಿಲ್ಲದೆ ಹೇಳಿದೆ, ನಾನೂ ಗೊತ್ತಿಲ್ಲದೆ ನುಂಗಿದೆ. ಅದಕ್ಕೆ ನಿನ್ನ ಮೇಲೆ ಯಾವತ್ತೂ ಕೋಪ ಮಾಡ್ಕೊಳ್ಳಲ್ಲ. ಆದ್ರೆ ಅಮ್ಮ ದಿನಕ್ಕೆ ಎರಡು ಸಲ ತಗೊಳ್ತಾಳೆ ಪುಟ್ಟಿ. ಮಂಗಳವಾರ ನೀನು ಸುಮ್ಮನೆ ಕೂತೆಯಲ್ಲ, ಆ ಮಧ್ಯಾಹ್ನದಿಂದ ಇವತ್ತು ಮಧ್ಯಾಹ್ನದವರೆಗೆ ಐದು ಚಮಚ ಆಯ್ತು. ಆ ಐದು ನೀನು ಗೊತ್ತಿದ್ದೂ ಕುಡಿಸಿದ್ದು."

ಅಜ್ಜಿಯ ಹತ್ತಿರ ಡಬ್ಬಿ ಇರುವುದು ನನಗೇನು ಗೊತ್ತಿತ್ತು ಎನ್ನಬಹುದಿತ್ತು, ಅದು ನಿಜವೂ ಹೌದು. ಆದರೆ ಒಂದು ಮಾತು ಹೇಳಿದ್ದರೆ ಗೊತ್ತಾಗುತ್ತಿತ್ತು, ಈಗ ಗೊತ್ತಾದಂತೆ, ಒಂದೇ ನಿಮಿಷದಲ್ಲಿ. ಕೊಕ್ಕೆಯಮ್ಮ ಬಿಡಿಸಿದ್ದ ಕಾಗದವನ್ನು ಮತ್ತೆ ಮಡಿಸಿ ಚೀಲಕ್ಕೆ ಹಾಕಿದಳು.

ಅತ್ತಿಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಮೂವತ್ತೈದು ವರ್ಷದಲ್ಲಿ ಅವಳು ಇವಳಿಂದ ಮುಖ ತಿರುಗಿಸಿದ್ದು ಇದೇ ಮೊದಲು. ಯಂತ್ರದ ಮೇಲೆ ಇನ್ನೂ ಮೂರು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಎದ್ದು ಹೋಗುವಂತಿರಲಿಲ್ಲ, ಮುಗಿದ ಮೇಲೆ ಹಿಡಿದುಕೊಂಡು ಮನೆಗೆ ನಡೆಸಬೇಕಾದವಳು ಅವಳೇ. ಹತ್ತಿರ ಎಳೆದುಕೊಂಡಿದ್ದ ಕುರ್ಚಿಯನ್ನು ಸದ್ದಾಗದಂತೆ ಒಂದು ಮೊಳ ಹಿಂದಕ್ಕೆ ಸರಿಸಿ, ಅಲ್ಲೇ ಕೂತಳು.